ಬಾವಿಯ ಎರಡನೇ ಜಾಡಿ

ಗೆರ್ವೇನಾಯ್ ಊರಿನಲ್ಲಿ ಜಿಗ್ಮಾಸ್ ಕಟ್ಟದ ಒಲೆ ಇರುವ ಮನೆಗಳು ಹುಡುಕಿದರೆ ಎರಡೋ ಮೂರೋ ಸಿಕ್ಕಾವು. ಅವೂ ಹೊಗೆ ಕಾರುತ್ತವೆ. ವರ್ಷದಲ್ಲಿ ಆರು ತಿಂಗಳು ಒಲೆಗೆ ಬೆನ್ನು ಕೊಟ್ಟುಕೊಂಡೇ ಬದುಕುವ ನಮ್ಮ ಉತ್ತರ ಲಿಥುವೇನಿಯದವರಿಗೆ ಒಲೆ ಕಟ್ಟುವವನೆಂದರೆ ಪಾದ್ರಿಗಿಂತ ಒಂದು ಮೆಟ್ಟಿಲು ಕೆಳಗೆ, ಡಾಕ್ಟರಿಗಿಂತ ಒಂದು ಮೆಟ್ಟಿಲು ಮೇಲೆ. ವಯಸ್ಸು ಎಪ್ಪತ್ತಕ್ಕೆ ಬಂದ ಮೇಲೆ ಅವನು ಇಟ್ಟಿಗೆ ಮುಟ್ಟುವುದನ್ನು ಬಿಟ್ಟ. ಆದರೂ ಯಾರ ಮನೆಗೆ ಹೋದರೂ ಮೊದಲು ಒಲೆಯ ಗೋಡೆಗೆ ಅಂಗೈ ಒತ್ತುತ್ತಾನೆ, ಮನೆಯವರಿಗೆ ನಮಸ್ಕಾರ ಆಮೇಲೆ. ಅಂಗೈ ಇಟ್ಟರೆ ಸಾಕು, ಎಷ್ಟು ಬಿಸಿ ಇದೆ, ಇನ್ನೆಷ್ಟು ಹೊತ್ತು ಹಿಡಿಯುತ್ತದೆ, ರೊಟ್ಟಿ ಇಡಬಹುದೋ ಬಾರದೋ ಎಲ್ಲ ಹೇಳಿಬಿಡುತ್ತಾನೆ. ಊರೆಲ್ಲ ಹೊಗಳುವ ಆ ಅಂಗೈಯೇ ಮೂವತ್ತನಾಲ್ಕು ವರ್ಷದಿಂದ ಅವನ ನಿದ್ದೆ ಕೆಡಿಸಿರುವುದು ಮಾತ್ರ ಯಾರಿಗೂ ಗೊತ್ತಿಲ್ಲ ಎಂದು ಅವನು ನಂಬಿದ್ದ.

ಈ ಒಂದು ವಾರದಿಂದಂತೂ ಇದ್ದ ಅರೆನಿದ್ದೆಯೂ ಹೋಗಿತ್ತು. ಕಾರಣ, ಅರೂನಾಸ್ ಬೇಲಿಯ ಮೇಲಿಂದ ಬಾಯಿ ಜಾರಿ ಆಡಿದ ಒಂದು ಮಾತು. ಅರೂನಾಸ್ ಮತ್ತು ಅವನ ಹೆಂಡತಿ ನಿಯೊಲೆ ಹೊಳೆದಂಡೆಯ ಹಳೆಯ ಕಣಜದಲ್ಲಿ ಬಿಯರ್ ಮಾಡುತ್ತಾರೆ. ಕಾರ್ಖಾನೆ ಎಂದರೆ ಅದಕ್ಕೆ ದೊಡ್ಡ ಹೆಸರಾಯಿತು; ಎರಡು ತಾಮ್ರದ ಹಂಡೆ, ಆರು ಮರದ ಬಾನಿ, ಒಂದು ದೊಡ್ಡ ಒಲೆ, ಕುಡಿಯಲು ಬಂದವರು ಕೂರಲು ನಾಲ್ಕು ಉದ್ದನೆಯ ಬೆಂಚು. ಗಂಡ ಹೆಂಡಿರು ಬಿಟ್ಟರೆ ಕೆಲಸಕ್ಕೆ ಬೇರೆ ಜನವಿಲ್ಲ. ಈ ಬೇಸಿಗೆಗೆ ಅದು ಶುರುವಾಗಿ ಇಪ್ಪತ್ತು ವರ್ಷ. ಆ ನೆನಪಿಗೆ ಒಂದು ಹೊಸ ಬಿಯರನ್ನು ಸೀಸೆಗೆ ತುಂಬಿಸಿ, ಸೀಸೆಯ ಮೇಲೆ ಹೆಪ್ಪು ಕೊಟ್ಟ ಮನೆಯ ಹೆಸರು ಹಾಕುತ್ತಾರಂತೆ.

"ನಾನು ಹೇಳ್ದೆ ಅನ್ಬೇಡಿ ಚಿಕ್ಕಪ್ಪ," ಎಂದಿದ್ದ ಅರೂನಾಸ್. "ಶನಿವಾರ ಬಸ್ಸಿನವರು ಬರೋಕ್ಮುಂಚೆ ಅವಳೇ ನಿಮ್ಮನ್ನ ಕೇಳ್ತಾಳೆ. ಚೆನ್ನಾಗಿ ಗಡ್ಡ ಹೆರ್ಕೊಂಡು ಬನ್ನಿ. ಫೋಟೊ ಗೀಟೊ ತೆಗೆದ್ರೂ ತೆಗೀಬಹುದು."

ಹೆಪ್ಪು ಕೊಟ್ಟ ಮನೆ ಜಿಗ್ಮಾಸನದು. ಊರಿಗೆಲ್ಲ ಗೊತ್ತಿರುವ ವಿಷಯ. ಇನ್ನು ಅದು ಸೀಸೆಯ ಮೇಲೆ ಅಚ್ಚಾಗಿ ರಾಜಧಾನಿ ವಿಲ್ನಿಯಸ್‌ನ ಅಂಗಡಿಗಳವರೆಗೆ ಹೋಗುತ್ತದೆ.

ಬಿಯರಿಗೆ ಹೆಪ್ಪು ಎಂದರೆ ಯೀಸ್ಟು. ಪಟ್ಟಣದವರು ಅದನ್ನು ಪೊಟ್ಟಣದಲ್ಲಿ ಕೊಂಡು ತರುತ್ತಾರೆ. ನಮ್ಮಲ್ಲಿ ಅದು ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಬರುವ ಮನೆಯ ಜೀವ. ಒಂದು ಸಲದ ಬಿಯರ್ ಉಕ್ಕಿ ಇಳಿದ ಮೇಲೆ ಬಾನಿಯ ತಳದ ಗಸಿಯನ್ನು ಜಾಡಿಗೆ ತುಂಬಿ, ಬಾಯಿಗೆ ಬಟ್ಟೆ ಬಿಗಿದು, ಹಗ್ಗ ಕಟ್ಟಿ ಬಾವಿಯೊಳಗೆ ನೀರಿನ ಮಟ್ಟಕ್ಕೆ ಇಳಿಬಿಡುತ್ತಾರೆ. ಅಲ್ಲಿ ಅದು ತಣ್ಣಗೆ ಮುಂದಿನ ಹಬ್ಬದವರೆಗೆ ಮಲಗಿರುತ್ತದೆ. ಬುದ್ಧಿ ಇರುವವರು ಎರಡು ಜಾಡಿ ಇಳಿಬಿಡುತ್ತಾರೆ, ಒಂದು ಕೆಟ್ಟರೆ ಇನ್ನೊಂದಿರಲಿ ಎಂದು. ಎರಡೂ ಕೆಟ್ಟರೆ ನೆರೆಮನೆಗೆ ಹೋಗಿ ಕೇಳಬೇಕು. ಕೇಳಿದವರಿಗೆ ಇಲ್ಲ ಅನ್ನುವ ಹಾಗಿಲ್ಲ. ಅಂದರೆ ಅಂದವನ ಹೆಪ್ಪೇ ಸಾಯುತ್ತದೆ ಎಂದು ನಂಬಿಕೆ. ಇಸಿದುಕೊಂಡವನು ಉಪಕಾರವಾಯಿತು ಎನ್ನುವ ಹಾಗೂ ಇಲ್ಲ. ಹೆಪ್ಪಿಗೆ ಉಪಕಾರ ಹೇಳಿದರೆ ಅದು ಏಳುವುದಿಲ್ಲ. ಸುಮ್ಮನೆ ತಲೆ ತಗ್ಗಿಸಿ ತೆಗೆದುಕೊಂಡು ಹೋಗಬೇಕು, ಅಷ್ಟೇ.

ನಿಯೊಲೆಯ ಕಣಜದಲ್ಲಿ ಶನಿವಾರವೆಂದರೆ ಜಿಗ್ಮಾಸನದೇ ದಿನ. ಹನ್ನೊಂದಕ್ಕೆ ಪೇಟೆಯಿಂದ ಬಸ್ಸು ಬರುತ್ತದೆ. ಬಂದವರು ಹಂಡೆ ನೋಡಿ, ಬಾನಿ ಮೂಸಿ, ಬಿಯರಿಗೆಂದು ಮೊಳಕೆ ಬಾರ್ಲಿಯ ಹಿಟ್ಟನ್ನು ರೈ ಧಾನ್ಯದ ರೊಟ್ಟಿಯಂತೆ ಬೇಯಿಸುವ ಒಲೆಯ ಮುಂದೆ ನಿಂತು ಬೆರಗಾಗುತ್ತಾರೆ. ಆ ಒಲೆ ಕಟ್ಟಿದವನು ಒಲೆಯ ಪಕ್ಕದ ಬೆಂಚಿನ ಮೇಲೆಯೇ ಕೂತಿರುತ್ತಾನೆ. ಅದು ಅವನಿಗೆಂದೇ ಮೀಸಲಾದ ಜಾಗ. ನಿಯೊಲೆ ಮೊದಲ ಲೋಟ ತುಂಬಿಸಿ ಅವನ ಕೈಗೆ ಕೊಡುತ್ತಾಳೆ. ಎಲ್ಲರೂ ಬೆಂಚುಗಳಲ್ಲಿ ಕೂತು, ಬೇಯಿಸಿದ ಬಟಾಣಿ ಮೆಲ್ಲಲು ಶುರು ಮಾಡಿದ ಮೇಲೆ ಅವನು ಎರಡು ಕತೆ ಹೇಳುತ್ತಾನೆ. ಒಂದು, ಅವನ ತಾತ ಯುದ್ಧ ಬಂದಾಗ ಹಸು ಹಂದಿ ಎಲ್ಲ ಬಿಟ್ಟು ಹೆಪ್ಪಿನ ಜಾಡಿ ಕಂಕುಳಲ್ಲಿಟ್ಟುಕೊಂಡು ಕಾಡಿಗೆ ಓಡಿದ್ದು. ಎರಡನೆಯದು, ಆ ತಾತನ ಹೆಪ್ಪು ತುಂಬಿದ ಜಾಡಿಯನ್ನು ತನ್ನ ಹೆಂಡತಿ ಎಲ್ವೀರಾ ಬಾವಿಕಟ್ಟೆಯ ಮೇಲೆ ಒಡೆದು ಹಾಕಿದ್ದು.

ಎರಡನೆಯದೇ ಜನಕ್ಕೆ ಹೆಚ್ಚು ಇಷ್ಟ. ಅವನು ಎದ್ದು ನಿಂತು ಅಭಿನಯಿಸಿಯೇ ತೋರಿಸುತ್ತಾನೆ: ಎಲ್ವೀರಾ ಹಗ್ಗ ಎಳೆಯುತ್ತಿರುವುದು, ಕಾಲ ಸಂದಿಯಲ್ಲಿ ಕೋಳಿ ನುಗ್ಗಿದ್ದು, ಜಾಡಿ ಮೇಲಕ್ಕೆ ಹಾರಿದ್ದು, ಅವಳ ಎರಡು ಕೈಯ ನಡುವಿನಿಂದ ಅದು ಜಾರಿ ಕಲ್ಲಿಗೆ ಬಡಿದದ್ದು. "ದೇವರು ಎಲ್ಲರಿಗೂ ಕೈ ಕೊಟ್ಟ, ನನ್ ಹೆಂಡತಿಗೆ ಜರಡಿ ಕೊಟ್ಟ," ಎಂದು ಮುಗಿಸುತ್ತಾನೆ. ಕೋಳಿ ಮೊದಲ ವರ್ಷಗಳಲ್ಲಿ ಇರಲಿಲ್ಲ, ಆಮೇಲೆ ಸೇರಿಕೊಂಡಿತು. ಎಲ್ವೀರಾ ಬದುಕಿದ್ದಾಗ ಅವಳೂ ಅಲ್ಲೇ ಮೂಲೆಯಲ್ಲಿ ಕೂತಿರುತ್ತಿದ್ದಳು. ಜನ ತಿರುಗಿ ನೋಡಿದರೆ ಎರಡೂ ಕೈ ಎತ್ತಿ ತೋರಿಸಿ ನಗುತ್ತಿದ್ದಳು. ಕತೆ ಎಷ್ಟು ಹಬ್ಬಿತ್ತೆಂದರೆ, ಚರ್ಚಿನ ಹಬ್ಬದ ಊಟಕ್ಕೆ ಪಾತ್ರೆ ಹಂಚುವಾಗ ನಮ್ಮೂರ ಹೆಂಗಸರು ಎಲ್ವೀರಾಳ ಕೈಗೆ ಪಿಂಗಾಣಿ ಕೊಡುತ್ತಿರಲಿಲ್ಲ, ಚಮಚದ ಬುಟ್ಟಿ ಕೊಡುತ್ತಿದ್ದರು. ಅದಕ್ಕೂ ಎಲ್ಲರೂ ನಗುತ್ತಿದ್ದೆವು. ನಾಲ್ಕು ವರ್ಷದ ಹಿಂದೆ ನವೆಂಬರಿನಲ್ಲಿ ಅವಳು ತೀರಿಕೊಂಡಳು. ಮಣ್ಣು ಮಾಡಿ ಬಂದ ಮೇಲಿನ ಊಟದಲ್ಲೂ ಜಿಗ್ಮಾಸ್ ಆ ಕತೆ ಹೇಳಿದ. ಅಳುತ್ತಿದ್ದವರೂ ನಕ್ಕರು.

ನಿಯೊಲೆ ಒಬ್ಬಳು ಮಾತ್ರ ಆ ಕತೆಗೆ ನಿಲ್ಲುತ್ತಿರಲಿಲ್ಲ. ಅವನು ಬಾವಿಯ ಹೆಸರೆತ್ತಿದ ಕೂಡಲೇ ಚೀಸ್ ತರುತ್ತೇನೆಂದು ಎದ್ದು ನೆಲಮಾಳಿಗೆಗೆ ಇಳಿದುಬಿಡುತ್ತಿದ್ದಳು. ಕೇಳಿ ಕೇಳಿ ಬೇಸರವಾಗಿರಬೇಕು ಎಂದು ಅವನು ಅಂದುಕೊಂಡಿದ್ದ.

ಈಗ ಅವನ ನಿದ್ದೆ ಕೆಡಿಸಿದ ವಿಷಯ.

ನಿಯೊಲೆಯ ಅಪ್ಪ ಪೊವಿಲಾಸ್ ಜಿಗ್ಮಾಸನ ಬೇಲಿಯಾಚೆಯ ನೆರೆಯವ. ಒಳ್ಳೆಯ ಕೆಲಸಗಾರ, ನಾಲಿಗೆ ಮಾತ್ರ ಕೊಡಲಿ. ಸೋವಿಯತ್ ಸಾಮೂಹಿಕ ಬೇಸಾಯದ ಕೊನೆಗಾಲದ ಒಂದು ಈಸ್ಟರಿಗೆ ಜಿಗ್ಮಾಸ್ ಬಿಯರ್ ಮಾಡಿ ನೆರೆಯವರನ್ನೆಲ್ಲ ಕರೆದಿದ್ದ. ಪೊವಿಲಾಸ್ ಒಂದು ಗುಟುಕು ಬಾಯಿಗೆ ಹಾಕಿಕೊಂಡ, ಮುಖ ಕಿವಿಚಿದ, ಎದ್ದು ಹೋಗಿ ಲೋಟದಲ್ಲಿದ್ದುದನ್ನೆಲ್ಲ ಸೇಬಿನ ಮರದ ಬುಡಕ್ಕೆ ಸುರಿದ. "ನಿನ್ ತಾತನ ಹೆಪ್ಪು ಚಿನ್ನ ಕಣೋ, ನಿನ್ ಕೈ ಮಾತ್ರ ಇಟ್ಟಿಗೇದು. ಮರಕ್ಕೆ ನಾಲಿಗೆ ಇಲ್ಲ, ಅದು ಕುಡೀಲಿ ಬಿಡು," ಅಂದ. ನೆರೆದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಎರಡು ತಿಂಗಳು ಅವನು ಹಾಲಿನ ಡಿಪೋಗೆ ಹೋದರೂ, ಚರ್ಚಿಗೆ ಹೋದರೂ, ಯಾರಾದರೊಬ್ಬರು ನಿನ್ನ ಸೇಬಿನ ಮರಕ್ಕೆ ತಲೆನೋವು ಇಳಿಯಿತೇ ಎಂದು ಕೇಳುತ್ತಿದ್ದರು. ಊರನ್ನೆಲ್ಲ ನಗಿಸುವುದರಲ್ಲಿ ಮುಂದೆ ಹೆಸರು ಮಾಡಿದ ಈ ಮನುಷ್ಯನಿಗೆ, ತಾನೇ ನಗೆಪಾಟಲಾಗುವುದು ಅಂದಿಗೂ ಇಂದಿಗೂ ಸಹಿಸದು.

ಜೂನಿನಲ್ಲಿ ನಿಯೊಲೆಯ ಮದುವೆ ಗೊತ್ತಾಯಿತು. ಅಂಗಡಿಯಲ್ಲಿ ವೋಡ್ಕಾದ ಸೀಸೆ ಕಣ್ಣಿಗೂ ಬೀಳದ ಕಾಲ ಅದು. ನೂರೈವತ್ತು ಜನ ನೆಂಟರು ಮೂರು ದಿನ ಕುಡಿಯಬೇಕಾದದ್ದು ಮನೆಯ ಬಿಯರನ್ನೇ. ಮದುವೆಗೆ ಹನ್ನೆರಡು ದಿನವಿದೆ ಎನ್ನುವಾಗ ಪೊವಿಲಾಸನ ಹೆಪ್ಪು ಸೆಕೆಗೆ ಹುಳಿತು ಹೋಯಿತು. ಅವನು ಟೋಪಿ ಕಳಚಿ ಕೈಯಲ್ಲಿ ಹಿಡಿದುಕೊಂಡು, ಖಾಲಿ ಜಾಡಿ ತಂದು ಜಿಗ್ಮಾಸನ ಹೊಸ್ತಿಲಲ್ಲಿ ನಿಂತ. ಇಲ್ಲ ಅನ್ನುವ ಹಾಗಿಲ್ಲವಲ್ಲ. ಮಧ್ಯಾಹ್ನದ ಮೇಲೆ ತಂದುಕೊಡುತ್ತೇನೆ ಎಂದು ಜಿಗ್ಮಾಸ್ ಜಾಡಿ ಇಸಿದುಕೊಂಡ.

ಎಲ್ವೀರಾ ಹಾಲು ಕರೆಯಲು ಹೋಗಿದ್ದಳು. ಮನೆಯಲ್ಲಿ ಅವನೊಬ್ಬನೇ. ಬಾವಿಯಿಂದ ಒಂದು ಜಾಡಿ ಎತ್ತಿ, ಪೊವಿಲಾಸನ ಜಾಡಿಗೆ ಅರ್ಧ ಬಗ್ಗಿಸಿದ. ಆಮೇಲೆ ಒಲೆಯ ಮೇಲೆ ಬೋಗುಣಿಯಲ್ಲಿ ನೀರು ಕಾಯಲಿಟ್ಟ. ನೀರಿಗೆ ಅಂಗೈ ಅದ್ದಿ ನೋಡುತ್ತಾ, ಇನ್ನು ತಾಳಲಾರೆ ಎನ್ನುವಷ್ಟು ಬಿಸಿಯಾದಾಗ ಜಾಡಿಯನ್ನು ಅದರೊಳಗೆ ಇಳಿಸಿ, ಒಂದು ಸಿಗರೇಟು ಸೇದಿ ಮುಗಿಸುವವರೆಗೆ ಬಿಟ್ಟ. ಹೆಪ್ಪು ಸಾಯುವುದಕ್ಕೆ ಅಷ್ಟು ಸಾಕು. ಎತ್ತಿ, ತಣ್ಣೀರಿನ ಬಕೆಟ್ಟಿನಲ್ಲಿ ಜಾಡಿ ಆರಿಸಿ, ಒರೆಸಿ, ಬೇಲಿ ದಾಟಿ ಹೋಗಿ ಕೊಟ್ಟ. ಹೆಪ್ಪನ್ನು ಇಲ್ಲ ಅನ್ನಬಾರದು ಎಂಬ ಪದ್ಧತಿ ಉಳಿಯಿತು, ಹೊಟ್ಟೆಕಿಚ್ಚೂ ತಣ್ಣಗಾಯಿತು. ಪೊವಿಲಾಸ್ ಎರಡು ಕೈಯಲ್ಲೂ ಜಾಡಿ ಹಿಡಿದು, ಮಾತಾಡದೆ, ತಲೆ ತಗ್ಗಿಸಿದ. ಬೋಳಾಗುತ್ತಿದ್ದ ಆ ನಡುನೆತ್ತಿ, ಬಿಸಿಲಿಗೆ ಕೆಂಪಾಗಿದ್ದದ್ದು, ಇವತ್ತಿಗೂ ಜಿಗ್ಮಾಸನ ಕಣ್ಣ ಮುಂದಿದೆ.

ಸಂಜೆಗೆಲ್ಲ ಅವನಿಗೆ ತಾನು ಮಾಡಿದ್ದು ಏನೆಂದು ಅರಿವಾಯಿತು. ಪಾಪ, ಮದುವೆಯ ಹುಡುಗಿ, ಅವಳೇನು ಮಾಡಿದ್ದಳು. ಹೋಗಿ ಹೇಳಿಬಿಡಬೇಕೆಂದು ಬೇಲಿಯವರೆಗೆ ಎರಡು ಸಲ ನಡೆದ. ಎರಡು ಸಲವೂ ಬೀನ್ಸ್ ಬಳ್ಳಿ ನೋಡುವವನಂತೆ ನಟಿಸಿ ವಾಪಸು ಬಂದ.

ಬೆಳಿಗ್ಗೆ ಎಲ್ವೀರಾ, ಬಾವಿಯ ಎರಡನೇ ಜಾಡಿ ನೆನ್ನೆ ಎತ್ತುವಾಗ ಕೈಜಾರಿ ಒಡೆಯಿತು ಎಂದಳು. ತನ್ನ ತಪ್ಪು ಎದೆಯ ಮೇಲೆ ಕೂತಿರುವಾಗ ಬೈಯುವುದಕ್ಕೆ ಇನ್ನೊಬ್ಬರ ತಪ್ಪು ಕೈಗೆ ಸಿಕ್ಕಿದರೆ ಎಷ್ಟು ಹಗುರವಾಗುತ್ತದೆ. ಅವನು ಬಾವಿಕಟ್ಟೆಯಲ್ಲಿ ನಿಂತು ಊರಿಗೆ ಕೇಳುವ ಹಾಗೆ ಕೂಗಾಡಿದ. ಅವಳು ತಲೆಗೆ ಕಟ್ಟಿದ ಬಟ್ಟೆ ಸರಿಮಾಡಿಕೊಂಡು ಕೇಳಿಸಿಕೊಂಡಳು.

ವಿಚಿತ್ರವೆಂದರೆ ಮದುವೆಯ ಬಿಯರ್ ಚೆನ್ನಾಗಿಯೇ ಉಕ್ಕಿತು. ಅಂಥ ಬಿಯರ್ ಕುಡಿದೇ ಇಲ್ಲ ಎಂದು ಇವತ್ತಿಗೂ ಹೇಳುವ ಮುದುಕರು ನಮ್ಮಲ್ಲಿದ್ದಾರೆ. ನಾಲ್ಕನೆಯ ದಿನ ಪೊವಿಲಾಸ್ ಒಂದು ಹೂಜಿ ತುಂಬ ತಂದು, "ಕುಡಿ. ನಿನ್ ಮನೇದೇ," ಎಂದು ಅವನನ್ನೇ ಬಹಳ ಹೊತ್ತು ನೋಡಿದ. ಜಿಗ್ಮಾಸ್ ಕುಡಿದ. ತನ್ನ ಅಂಗೈ ಮೋಸ ಮಾಡಿರಬೇಕು, ನೀರು ಸಾಕಷ್ಟು ಕಾದಿರಲಿಲ್ಲವೇನೋ, ದೇವರೇ ನಡುವೆ ಬಂದು ಹೆಪ್ಪನ್ನು ಉಳಿಸಿದ ಎಂದು ಅಂದುಕೊಂಡ. ಚರ್ಚಿನಲ್ಲಿ ಪಾಪ ನಿವೇದನೆಗೆ ಹೋದಾಗ ನೆರೆಯವನ ಮೇಲೆ ಅಸೂಯೆ ಪಟ್ಟೆ ಎಂದಷ್ಟೇ ಹೇಳಿದ. ಪಾದ್ರಿ ಎಲ್ಲರಿಗೂ ಹೇಳುವ ಮೂರು ಪ್ರಾರ್ಥನೆ ಹೇಳಿ ಕಳಿಸಿದ. ಸುಟ್ಟ ಹೆಪ್ಪಿನ ಮಾತು ನಾಲಿಗೆಯವರೆಗೆ ಬರಲೇ ಇಲ್ಲ.

ಅಲ್ಲಿಂದ ಮುಂದೆ ಪೊವಿಲಾಸನ ಮನೆಯವರು ಯಾರು ಬಂದರೂ ಇದು ಜಿಗ್ಮಾಸನ ಮನೆಯ ಹೆಪ್ಪು ಎಂದೇ ಹೇಳಿದರು. ಜಿಗ್ಮಾಸನ ಸ್ವಂತ ಜಾಡಿ ಐದಾರು ವರ್ಷದ ಮೇಲೆ ಒಂದು ಬೇಸಿಗೆಯಲ್ಲಿ ಕೆಟ್ಟಿತು. ಎರಡನೆಯದು ಇರಲಿಲ್ಲ. ಬೇಲಿಯಾಚೆ ಹೋಗಿ ಕೇಳಿದ್ದರೆ ಪೊವಿಲಾಸ್ ಇಲ್ಲ ಅನ್ನುತ್ತಿರಲಿಲ್ಲ, ಆದರೆ ಯಾವ ಮುಖ ಹೊತ್ತುಕೊಂಡು ಕೇಳುವುದು? ಬಿಯರ್ ಮಾಡುವುದನ್ನೇ ಬಿಟ್ಟ. ಯಾಕೆ ಬಿಟ್ಟೆ ಎಂದು ಕೇಳಿದವರಿಗೆ ಹೆಂಡತಿಯ ಜರಡಿ ಕೈಯ ಕತೆ ಹೇಳಿದ. ಪೊವಿಲಾಸ್ ಸತ್ತ ಮೇಲೆ ನಿಯೊಲೆ ಕಣಜದಲ್ಲಿ ಬಿಯರ್ ಶುರು ಮಾಡಿದಾಗ ಒಂದು ಬೇಸಿಗೆ ಪೂರ್ತಿ ಅಲ್ಲಿ ನಿಂತು ಒಲೆ ಕಟ್ಟಿಕೊಟ್ಟ. ಕೂಲಿ ಮುಟ್ಟಲಿಲ್ಲ. ಎಂಥ ದೊಡ್ಡ ಮನಸ್ಸು ಎಂದು ಊರು ಹೊಗಳಿತು. ಹೊಗಳಿದಷ್ಟೂ ಅವನಿಗೆ ಮೈ ಉರಿಯುತ್ತಿತ್ತು.

ಹಾಗೆಂದು ಶನಿವಾರ ತಪ್ಪಿಸಿದವನಲ್ಲ. ಎಲ್ವೀರಾ ಹೋದ ಮೇಲೆ ಅವನಿಗೆ ವಾರದಲ್ಲಿ ಮಾತಾಡಲು ಜನ ಸಿಗುವುದು ಆ ಬೆಂಚಿನ ಮೇಲೆ ಮಾತ್ರ. ನಿಜ ಹೇಳಿದರೆ ಆ ಬೆಂಚು ಹೋಗುತ್ತದೆ. ಹೇಳದಿದ್ದರೆ ಸುಳ್ಳು ಸೀಸೆಯ ಮೇಲೆ ಅಂಟಿಕೊಂಡು ತಾನು ಸತ್ತ ಮೇಲೂ ಉಳಿಯುತ್ತದೆ.

ಶನಿವಾರ ಗಡ್ಡ ಹೆರೆದುಕೊಂಡ. ಗಲ್ಲದ ಮೇಲೆ ಎರಡು ಕಡೆ ಗಾಯ ಮಾಡಿಕೊಂಡ. ಹತ್ತು ಗಂಟೆಗೆ ಕಣಜ ಮುಟ್ಟಿದ. ಕೈ ರೂಢಿಯಿಂದ ಒಲೆಯ ಗೋಡೆಯ ಮೇಲೆ ಹೋಯಿತು. ನೆನ್ನೆಯ ಬಿಸಿ ಇನ್ನೂ ಇತ್ತು. ನಿಯೊಲೆ ಬಾನಿಯ ಮೇಲೆ ಬಗ್ಗಿ ಮರದ ಸೌಟಿನಿಂದ ನೊರೆ ತೆಗೆಯುತ್ತಿದ್ದಳು. ಐವತ್ತಾರರ ಹೆಂಗಸು, ಅಪ್ಪನ ಹಾಗೆಯೇ ಅಗಲ ಭುಜ. ಕೂರಲು ಹೇಳಿದಳು. ಅವನು ಕೂರಲಿಲ್ಲ. ಅವಳು ಕೈ ಒರೆಸಿಕೊಂಡು ಹೊಸ ಸೀಸೆಯ ಮಾತು ತೆಗೆಯುತ್ತಿದ್ದಂತೆ ಅವನೇ ತಡೆದ.

"ಹೆಸರು ಹಾಕ್ಬೇಡ ಕಣಮ್ಮ."

"ಯಾಕೆ ಚಿಕ್ಕಪ್ಪ?"

"ಆ ಹೆಪ್ಪು ನಾನು ಸುಟ್ಟು ಕೊಟ್ಟಿದ್ದೆ. ನಿನ್ ಮದುವೇಗೆ. ನಿಮ್ಮಪ್ಪ ಟೋಪಿ ಕೈಲಿ ಹಿಡ್ಕೊಂಡು ಬಂದಿದ್ದ. ನಾನು ಬಿಸಿನೀರಲ್ಲಿಟ್ಟು ಸಾಯಿಸಿ, ಆರಿಸಿ, ಒರೆಸಿ ಕೊಟ್ಟೆ. ಆ ಮರದ ಬುಡಕ್ಕೆ ಸುರಿದ್ನಲ್ಲ, ಅದಕ್ಕೆ."

ನಿಯೊಲೆ ಸೌಟನ್ನು ಬಾನಿಯ ಅಂಚಿಗಿಟ್ಟಳು. ಬೈಯುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದು ಅವನು ಕಾದ.

"ಗೊತ್ತು," ಅಂದಳು.

ಅವನಿಗೆ ಕೇಳಿದ್ದು ಅರ್ಥವಾಗಲಿಲ್ಲ. ಅವಳು ಅವನ ತೋಳು ಹಿಡಿದು ಬೆಂಚಿನ ಮೇಲೆ ಕೂರಿಸಿ, ತಾನೂ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದಳು. ಆ ದಿನ ಅವಳು ಅಡುಗೆಮನೆಯಲ್ಲಿ ಕೂತು ಮದುವೆಯ ಮುಸುಕಿಗೆ ಲೇಸು ಹೊಲಿಯುತ್ತಿದ್ದಳಂತೆ. ಹೊತ್ತು ಇಳಿಯುತ್ತಿತ್ತು. ಎಲ್ವೀರಾ ಹಿಂದಿನ ಬಾಗಿಲಿನಿಂದ ಬಂದಳು, ಏಪ್ರನ್ನಿನೊಳಗೆ ಏನೋ ಬಚ್ಚಿಟ್ಟುಕೊಂಡು. ಹಾಲು ಕರೆದು ಮನೆಗೆ ಬಂದವಳು ಒಲೆಯ ಮೇಲೆ ಬೋಗುಣಿ ನೋಡಿದ್ದಳು. ನೀರು ಇನ್ನೂ ಬಿಸಿಯಾಗಿತ್ತು, ಅಂಚಿನಲ್ಲಿ ಬೆಂದ ಹೆಪ್ಪಿನ ವಾಸನೆಯ ಪಟ್ಟೆ ಇತ್ತು. ಗಂಡನ ಎರಡು ತಿಂಗಳ ಮುಖ ನೋಡಿದವಳಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಅವನು ಕೊಟ್ಟ ಜಾಡಿ ಚೆಲ್ಲಿಬಿಡಿ, ಇದನ್ನು ಹಾಕಿ ಎಂದು ಏಪ್ರನ್ನಿನಿಂದ ಬೇರೆ ಜಾಡಿ ತೆಗೆದು ಮೇಜಿನ ಮೇಲಿಟ್ಟಳು.

ಪೊವಿಲಾಸ್ ಸತ್ತ ಹೆಪ್ಪಿನ ಜಾಡಿ ಎತ್ತಿಕೊಂಡು, ಇದನ್ನು ಅವನ ತಲೆಗೇ ಸುರಿದು ಬರುತ್ತೇನೆಂದು ಹೊರಟನಂತೆ. ಎಲ್ವೀರಾ ಹೊಸ್ತಿಲಿಗೆ ಅಡ್ಡ ಕೂತುಬಿಟ್ಟಳು. ಅವನಿಗೆ ಗೊತ್ತಾಗಬಾರದು, ರೊಟ್ಟಿ ಮುಟ್ಟಿ ಆಣೆ ಮಾಡುವವರೆಗೆ ಏಳುವುದಿಲ್ಲ ಎಂದಳು.

"ಚಿಕ್ಕಮ್ಮ ಏನಂದ್ರು ಗೊತ್ತಾ? 'ಅವನಿಗೆ ನಾಚಿಕೆ ಆದ್ರೆ ಇನ್ನು ಬೇಲಿ ಹತ್ರಾನೂ ಬರಲ್ಲ. ನನಗೆ ನೀವು ಬೇಕು' ಅಂದ್ರು. ಅಪ್ಪ, ಅಮ್ಮ, ನಾನು, ಮೂರು ಜನಾನೂ ಆಣೆ ಮಾಡಿದ್ವಿ. ಅಪ್ಪ ಸಾಯೋವರೆಗೂ ಮಾತು ಉಳಿಸ್ಕೊಂಡ್ರು."

ಜಿಗ್ಮಾಸನಿಗೆ ಮೊದಲು ಬಂದದ್ದು ಒಂದು ಬಗೆಯ ಸಮಾಧಾನವೇ. ತಾನು ಕೆಡಿಸಿದ್ದನ್ನು ಅವಳು ಸರಿ ಮಾಡಿದ್ದಳು. ಆಮೇಲೆ ನಿಧಾನವಾಗಿ ತಲೆ ಎತ್ತಿದ.

"ಯಾವ ಜಾಡಿ ತಂದಿದ್ಲು?"

"ನಿಮ್ಮ ಬಾವೀಲಿ ಎರಡನೇದು ಇತ್ತಲ್ಲ."

"ಅದು ಒಡೆದೋಯ್ತು," ಎಂದಿತು ಅವನ ಬಾಯಿ, ಮೂವತ್ತನಾಲ್ಕು ವರ್ಷದ ಅಭ್ಯಾಸದಂತೆ.

ನಿಯೊಲೆ ಎದ್ದು ನೆಲಮಾಳಿಗೆಗೆ ಹೋಗಿ, ಅಲ್ಲಿನ ಗೋಡೆಯ ಗೂಡಿನಿಂದ ಒಂದು ಜಾಡಿ ಇಳಿಸಿ ತಂದು ಅವನ ತೊಡೆಯ ಮೇಲಿಟ್ಟಳು. ಕಂದು ಬಣ್ಣದ ಮಣ್ಣಿನ ಜಾಡಿ. ಕುತ್ತಿಗೆಗೆ ತಾತ ಸುತ್ತಿದ ತಂತಿ ಹಾಗೇ ಇತ್ತು. ಒಂದು ಬಿರುಕೂ ಇಲ್ಲ. ಅವನು ಅಂಗೈಯನ್ನು ಅದರ ಹೊಟ್ಟೆಯ ಮೇಲಿಟ್ಟ. ತಣ್ಣಗಿತ್ತು.

ಕಾಲ ಸಂದಿಯ ಕೋಳಿ, ಜರಡಿ ಕೈ, ಮೂಲೆಯಲ್ಲಿ ಕೂತು ಎರಡೂ ಕೈ ಎತ್ತಿ ತೋರಿಸುತ್ತಿದ್ದ ಎಲ್ವೀರಾ, ಎಲ್ಲ ಒಟ್ಟಿಗೆ ಬಂದವು. ಮೂವತ್ತು ವರ್ಷ ಅವಳು ಆ ಕೈ ಎತ್ತಿ ತೋರಿಸಿದ್ದಳು. ಬಾಯಿ ಬಿಟ್ಟಿದ್ದರೆ ಒಂದೇ ಮಾತಿಗೆ ಮುಗಿಯುತ್ತಿತ್ತು. ಬಾಯಿ ಬಿಟ್ಟರೆ ಬೋಗುಣಿಯ ಮಾತೂ ಹೊರಗೆ ಬರುತ್ತದೆ ಎಂದು ಬಿಟ್ಟಿರಲಿಲ್ಲ.

"ನಾನು ಆ ಕತೆ ಹೇಳೋವಾಗೆಲ್ಲ ನೀನು ಚೀಸ್ ತರೋಕೆ ಹೋಗ್ತಿದ್ದೆ," ಅಂದ.

"ಇನ್ನೇನ್ಮಾಡ್ಲಿ. ಆಣೆ ಮಾಡಿದ್ನಲ್ಲ."

"ಅವಳು ಏನೂ ಅಂದಿಲ್ವಾ? ಒಂದ್ಸಲಾನೂ?"

ಹೇಳಬೇಕೋ ಬೇಡವೋ ಎಂದು ನಿಯೊಲೆ ಯೋಚಿಸಿದ್ದು ಮುಖದಲ್ಲೇ ಕಂಡಿತು. "ಒಂದ್ಸಲ ನಾನೇ ಕೇಳ್ದೆ, ಸಾಕು ಚಿಕ್ಕಮ್ಮ, ಹೇಳಿಬಿಡ್ಲಾ ಅಂತ. ಬೇಡ, ನಗಿಸ್ತಾನಲ್ಲ, ನಗಿಸ್ಲಿ ಬಿಡು ಅಂದ್ರು. ಆಮೇಲೆ, 'ಚರ್ಚ್ ಹಬ್ಬದಲ್ಲಿ ನನ್ ಕೈಗೆ ತಟ್ಟೆ ಕೊಡಲ್ಲ ಕಣೆ, ಚಮಚ ಕೊಡ್ತಾರೆ, ಅದೊಂದು ಬೇಜಾರು' ಅಂದ್ರು. ಅಷ್ಟೇ."

ಅವನು ಜಾಡಿಯ ಮೇಲೆ ಬಗ್ಗಿದ. ಇಷ್ಟು ವರ್ಷ ಅವನು ಹೊತ್ತುಕೊಂಡು ತಿರುಗಿದ್ದ ತಪ್ಪು ಅದೇ ಸಂಜೆ, ಕತ್ತಲಾಗುವ ಮೊದಲೇ, ಇನ್ನೊಬ್ಬರ ಕೈಯಲ್ಲಿ ತೀರಿಹೋಗಿತ್ತು. ತೀರದ ತಪ್ಪನ್ನು ಅವನು ಶನಿವಾರ ಶನಿವಾರ ಎದ್ದು ನಿಂತು, ಜನರ ಚಪ್ಪಾಳೆ ಗಿಟ್ಟಿಸಿಕೊಂಡು ಮಾಡುತ್ತ ಬಂದಿದ್ದ. ಅವಳನ್ನು ಮಣ್ಣು ಮಾಡಿದ ದಿನವೂ ಬಿಟ್ಟಿರಲಿಲ್ಲ.

ನಿಯೊಲೆ ಮೇಜಿನ ಖಾನೆಯಿಂದ ಒಂದು ಕಾಗದ ತಂದು ತೋರಿಸಿದಳು. ಸೀಸೆಗೆ ಅಂಟಿಸುವ ಲೇಬಲ್ಲಿನ ಮಾದರಿ. ಜಿಗ್ಮಾಸನ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ. ಎರಡು ಕೈಗಳು ಒಂದು ಜಾಡಿಯನ್ನು ಭದ್ರವಾಗಿ ಹಿಡಿದಿರುವ ಚಿತ್ರ, ಕೆಳಗೆ 'ಎಲ್ವೀರಾ' ಎಂದಿತ್ತು.

"ಮನೆ ಹೆಸರು ಅಂದ್ರೆ ಮನೆಯೊಡತಿ ಹೆಸರು ಅಂತ ಹೇಳಿ ಒಪ್ಪಿಸೋಣ ಅಂದ್ಕೊಂಡಿದ್ದೆ," ಎಂದಳು. "ಒಳಗಿನ ವಿಷಯ ನಿಮಗೆ ತಿಳಿಸೋ ಯೋಚನೆ ಇರಲಿಲ್ಲ. ನೀವೇ ಬಾಯಿಬಿಟ್ಟ ಮೇಲೆ ಆಣೆ ಇನ್ನ್ಯಾಕೆ ಅನ್ನಿಸ್ತು. ಹಾಕಬಹುದಾ ಚಿಕ್ಕಪ್ಪ?"

ಅವನು ತಲೆಯಾಡಿಸಿದ. ಹೊರಗೆ ಬಸ್ಸಿನ ಹಾರನ್ನು ಕೇಳಿಸಿತು.

ಆವತ್ತು ಬಂದವರು ಮೂವತ್ತು ಜನ. ಹಂಡೆ ನೋಡಿದರು, ಬಾನಿ ಮೂಸಿದರು, ಒಲೆಯ ಮುಂದೆ ಬೆರಗಾದರು. ಅರೂನಾಸ್ ಬಟಾಣಿಯ ಬಟ್ಟಲು, ಬೆಳ್ಳುಳ್ಳಿ ಸವರಿ ಹುರಿದ ಕಪ್ಪು ರೊಟ್ಟಿ ಹಂಚಿದ. ನಿಯೊಲೆ ಮೊದಲ ಲೋಟ ತುಂಬಿಸಿ ಎಂದಿನಂತೆ ಜಿಗ್ಮಾಸನಿಗೇ ಕೊಟ್ಟಳು. ಅವನು ಅದನ್ನು ಕುಡಿಯದೆ ಜಾಡಿಯ ಪಕ್ಕದಲ್ಲಿಟ್ಟ. ಹೋದ ವರ್ಷವೂ ಬಂದಿದ್ದ ಒಬ್ಬಾಕೆ ತನ್ನ ಜೊತೆಯವರಿಗೆ, ಈ ತಾತನ ಹೆಂಡತಿ ಜಾಡಿ ಒಡೆದ ಕತೆ ಕೇಳಬೇಕು, ನಕ್ಕು ನಕ್ಕು ಸಾಯುತ್ತೀರಿ ಎಂದು ಹೇಳುತ್ತಿದ್ದಳು. ಮೂವತ್ತು ಮುಖಗಳು ಈಗಾಗಲೇ ಅರ್ಧ ನಗುತ್ತ ಅವನ ಕಡೆ ತಿರುಗಿದವು.

ಅವನು ಎದ್ದು ನಿಂತ. ಬಾವಿ ಎಂಬ ಮಾತು ಬಾಯಿಂದ ಬಂದದ್ದೇ ತಡ, ನಿಯೊಲೆಯ ಕಾಲು ರೂಢಿಯಂತೆ ನೆಲಮಾಳಿಗೆಯ ಮೆಟ್ಟಿಲ ಕಡೆ ತಿರುಗಿತು.

"ನಿಯೊಲೆ, ಕೂತ್ಕೊ," ಅಂದ ಅವನು. ಅವಳು ಕೂತಳು.

"ನನ್ನ ಹೆಂಡತಿ ಯಾವ ಜಾಡೀನೂ ಒಡೀಲಿಲ್ಲ," ಎಂದು ಶುರು ಮಾಡಿದ.

ಸೇಬಿನ ಮರದಿಂದ ಹಿಡಿದು ಎಲ್ಲವನ್ನೂ ಹೇಳಿದ. ನೀರು ಎಷ್ಟು ಬಿಸಿಯಾಗಿತ್ತೆಂದು ಅಂಗೈ ತೋರಿಸಿ ಹೇಳಿದ. ಕೋಳಿ ತಾನೇ ಸೇರಿಸಿದ್ದು ಎಂದೂ ಹೇಳಿದ. ಮೊದಲು ಅಲ್ಲಲ್ಲಿ ಒಬ್ಬರಿಬ್ಬರು ಇದೂ ತಮಾಷೆಯೇ ಇರಬೇಕೆಂದು ನಕ್ಕರು, ಚಮಚದ ಬುಟ್ಟಿಯ ಮಾತು ಬಂದಾಗ ಅವರೂ ಸುಮ್ಮನಾದರು. ಬಟಾಣಿ ಬಡಿಸುತ್ತಿದ್ದ ಅರೂನಾಸ್ ಕೈಯಲ್ಲಿ ಬಟ್ಟಲು ಹಿಡಿದುಕೊಂಡೇ ನಿಂತುಬಿಟ್ಟಿದ್ದ. ಹೆಂಡತಿ ಅವನಿಗೂ ಈ ಗುಟ್ಟು ಹೇಳಿರಲಿಲ್ಲ.

ಕತೆ ಮುಗಿದ ಮೇಲೆ ಏನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ಚಪ್ಪಾಳೆ ತಟ್ಟುವ ಕತೆಯಲ್ಲ. ನಗಬೇಕೆಂದು ಬಂದಿದ್ದ ಆ ಹೆಂಗಸೇ ಕೊನೆಗೆ ಮೆಲ್ಲಗೆ ಕೇಳಿದಳು.

"ಮತ್ತೆ, ನಿಜ ಗೊತ್ತಾದ್ಮೇಲೆ ಅವರಿಗೆ ಏನಂದ್ರಿ?"

"ನನಗೆ ಗೊತ್ತಾಗಿದ್ದು ಇವತ್ತು ಬೆಳಿಗ್ಗೆ ಹತ್ತೂವರೆಗೆ," ಅಂದ ಜಿಗ್ಮಾಸ್. "ಅವಳು ಹೋಗಿ ನಾಲ್ಕು ವರ್ಷ ಆಯ್ತಮ್ಮ."

ಆಮೇಲೆ ಬೆಂಚಿನ ಮೇಲೆ ಕೂತು ಜಾಡಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡ. ಜನ ಎದ್ದು ಬಸ್ಸು ಹತ್ತುವವರೆಗೆ ಹಾಗೆಯೇ ಹಿಡಿದುಕೊಂಡಿದ್ದ. ಆ ಶನಿವಾರ ಚೀಸ್ ತರಲು ಯಾರೂ ಎದ್ದು ಹೋಗಲಿಲ್ಲ.